ಹಾರ್ಟ್ ಲೇಕ್‌ಗೆ ಹೊರಟಿದ್ದೀರಾ? ಕರಡಿ ಸ್ಪ್ರೇ ಬ್ಯಾಗಿನ ತಳದಲ್ಲಿ ಇಡಬೇಡಿ

ಗ್ರಿಜ್ಲಿ ಕರಡಿ ನಮ್ಮಿಂದ ಸುಮಾರು ನೂರೈವತ್ತು ಮೀಟರ್ ದೂರದಲ್ಲಿತ್ತು. ಇಳಿಜಾರಿನಲ್ಲಿ ತಲೆ ತಗ್ಗಿಸಿಕೊಂಡು ಏನೋ ಬೇರು ಅಗೆಯುತ್ತಿತ್ತು. ಹೆಗಲ ಮೇಲಿನ ಗುಡ್ಡೆ ಎದ್ದು ಕಾಣುತ್ತಿತ್ತು, ಹಾಗಾಗಿ ಯಾವ ಕರಡಿ ಅಂತ ಅನುಮಾನವೇ ಇರಲಿಲ್ಲ. ನಾನು ಸೊಂಟದಿಂದ ಕರಡಿ ಸ್ಪ್ರೇ, ಅಂದರೆ ನುಗ್ಗಿ ಬರುವ ಕರಡಿಗೆ ಹೊಡೆಯುವ ಖಾರದ ಡಬ್ಬ, ತೆಗೆದೆ. ಇನ್ನೊಂದು ಡಬ್ಬ ಇದ್ದದ್ದು ನನ್ನ ಗೆಳೆಯನ ಹತ್ತಿರ. ಅವನು ಬ್ಯಾಗ್ ಕೆಳಗಿಟ್ಟು, ಜಿಪ್ ಎಳೆದು, ರೇನ್‌ಕೋಟ್ ಹೊರಗೆ ಹಾಕಿ, ಕ್ಯಾಮೆರಾ ಪಕ್ಕಕ್ಕಿಟ್ಟು, ಅದರ ಕೆಳಗಿದ್ದ ಡಬ್ಬ ಹೊರಗೆ ತರುವಷ್ಟರಲ್ಲಿ ಒಂದು ನಿಮಿಷವೇ ಕಳೆದಿತ್ತು. ಗ್ರಿಜ್ಲಿ ಗಂಟೆಗೆ 55 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ನೀವೇ ಲೆಕ್ಕ ಹಾಕಿ, ನೂರೈವತ್ತು ಮೀಟರ್‌ಗೆ ಹತ್ತು ಸೆಕೆಂಡ್ ಕೂಡ ಬೇಡ.

ಅದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾವು ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿದೆವು, ಓಡಲಿಲ್ಲ. ಅಷ್ಟೇ ಕಥೆ. ಆದರೆ ಆ ಒಂದು ನಿಮಿಷ ನೆನಪಾದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಾರ್ಟ್ ಲೇಕ್ ಸರೋವರ ಇರುವುದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ಭಾಗದಲ್ಲಿ. ಲೂಯಿಸ್ ಲೇಕ್ ಹತ್ತಿರ ರಸ್ತೆ ಬಿಟ್ಟು ಕಾಡಿಗಿಳಿದರೆ ಸರೋವರಕ್ಕೆ ಸುಮಾರು 12 ಕಿಲೋಮೀಟರ್ ನಡಿಗೆ. ನಾವು ನಾಲ್ಕು ಜನ ಆಗಸ್ಟ್ ಮೊದಲ ವಾರದಲ್ಲಿ ಹೋಗಿ ಎರಡು ರಾತ್ರಿ ಟೆಂಟ್‌ನಲ್ಲಿ ಮಲಗಿ ಬಂದೆವು. ನೀವು ಪ್ಲಾನ್ ಮಾಡುತ್ತಿದ್ದರೆ ಮೊದಲು ತಿಂಗಳು ನೋಡಿಕೊಳ್ಳಿ. ಕರಡಿಗಳ ಕಾರಣಕ್ಕೆ ಈ ಪ್ರದೇಶವನ್ನು ಏಪ್ರಿಲ್ 1ರಿಂದ ಜೂನ್ 30ರವರೆಗೆ ಮುಚ್ಚಿರುತ್ತಾರೆ. ಜುಲೈನಲ್ಲಿ ಸೊಳ್ಳೆ ಕಾಟ, ಅದರ ಬಗ್ಗೆ ಹೇಳಿದಷ್ಟೂ ಕಡಿಮೆ. ಆಗಸ್ಟ್ ಪರವಾಗಿಲ್ಲ. ರಾತ್ರಿ ತಂಗಲು ಪರ್ಮಿಟ್ ಬೇಕೇ ಬೇಕು, ಅದೂ ಗುರುತು ಮಾಡಿರುವ ಜಾಗದಲ್ಲೇ ಟೆಂಟ್ ಹಾಕಬೇಕು. ಎಲ್ಲೋ ಚೆನ್ನಾಗಿದೆ ಅಂತ ಅಲ್ಲೇ ಹಾಕಿಬಿಡುವಂತಿಲ್ಲ.

ಸ್ಪ್ರೇ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಇದರಲ್ಲೇ ಜಾಸ್ತಿ ತಪ್ಪು ತಿಳಿವಳಿಕೆ ಇದೆ. ವಿಮಾನದಲ್ಲಿ ಇದನ್ನು ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಒಳಗೆ ಹಾಕುವ ಲಗೇಜಿನಲ್ಲೂ ಇಲ್ಲ. ಅಲ್ಲಿಗೆ ಹೋದ ಮೇಲೆಯೇ ಕೊಳ್ಳಬೇಕು. ಡಬ್ಬದ ಮೇಲೆ 'ಬೇರ್ ಸ್ಪ್ರೇ' ಅಂತಲೇ ಇರಬೇಕು, ಮನುಷ್ಯರ ಮೇಲೆ ಹೊಡೆಯುವ ಸಣ್ಣ ಪೆಪ್ಪರ್ ಸ್ಪ್ರೇ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಕ್ಸ್‌ಪೈರಿ ದಿನಾಂಕ ನೋಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಒಡೆದರೆ ಕಾರಿನ ಕಥೆ ಮುಗಿಯಿತು. ಇನ್ನೊಂದು ಮಾತು, ನಗಬೇಡಿ: ಇದನ್ನು ಸೊಳ್ಳೆ ಔಷಧಿ ಥರ ಟೆಂಟಿಗೋ ಬಟ್ಟೆಗೋ ಮೈಗೋ ಹೊಡೆದುಕೊಳ್ಳುವುದಲ್ಲ. ಕರಡಿ ನುಗ್ಗಿ ಬರುವಾಗ ಅದಕ್ಕೂ ನಿಮಗೂ ನಡುವೆ ಒಂದು ಖಾರದ ಮೋಡ ನಿಲ್ಲಿಸುವುದು ಇದರ ಕೆಲಸ. ಕರಡಿ 9ರಿಂದ 18 ಮೀಟರ್ ಹತ್ತಿರ ಬಂದಾಗ, ಸ್ವಲ್ಪ ಕೆಳಮುಖವಾಗಿ ಹೊಡೆಯಬೇಕು. ಇಡೀ ಡಬ್ಬ ಒತ್ತಿದರೆ ಕೆಲವೇ ಸೆಕೆಂಡ್‌ನಲ್ಲಿ ಖಾಲಿ. ಹಾಗಾಗಿ ಸೇಫ್ಟಿ ಕ್ಲಿಪ್ ಹೆಬ್ಬೆರಳಿನಿಂದ ತೆಗೆಯುವುದನ್ನು ನಡೆಯುವ ಮೊದಲೇ ನಾಲ್ಕೈದು ಸಲ ಅಭ್ಯಾಸ ಮಾಡಿ. ಒತ್ತಬೇಡಿ, ಅಭ್ಯಾಸ ಅಷ್ಟೇ. ನಮ್ಮಲ್ಲಿ ಒಬ್ಬನಿಗೆ ಆ ಕ್ಲಿಪ್ ಯಾವ ಕಡೆಗೆ ಎಳೆಯಬೇಕು ಅಂತಲೇ ಗೊತ್ತಿರಲಿಲ್ಲ.

ನಾಲ್ಕು ಜನಕ್ಕೆ ಎರಡೇ ಡಬ್ಬ ತಂದದ್ದೂ ತಪ್ಪು. ಒಬ್ಬೊಬ್ಬರಿಗೆ ಒಂದೊಂದು ಬೇಕು. ಸೊಂಟದಲ್ಲಿ ಅಥವಾ ಎದೆಯ ಪಟ್ಟಿಯಲ್ಲಿ ಇರಬೇಕು. ರಾತ್ರಿ ಮೂತ್ರಕ್ಕೆ ಎದ್ದಾಗಲೂ ಕೈಯಲ್ಲಿರಬೇಕು.

ಆದರೆ ಸ್ಪ್ರೇಗಿಂತ ಮುಂಚೆ ಕೆಲಸ ಮಾಡುವುದು ನಿಮ್ಮ ಬಾಯಿ. ಕರಡಿಗೆ ನೀವು ಬರುತ್ತಿರುವುದು ಮೊದಲೇ ಗೊತ್ತಾದರೆ ಸಾಮಾನ್ಯವಾಗಿ ಅದೇ ದೂರ ಹೋಗುತ್ತದೆ. ಬೆಚ್ಚಿಬಿದ್ದ ಕರಡಿಯೇ ಅಪಾಯ, ಅದರಲ್ಲೂ ಮರಿ ಜೊತೆಗಿದ್ದರೆ. ತಿರುವುಗಳಲ್ಲಿ, ಹೊಳೆಯ ಸದ್ದಿನ ಹತ್ತಿರ, ಪೊದೆಗಳ ನಡುವೆ ಜೋರಾಗಿ ಮಾತಾಡಬೇಕು. ಬ್ಯಾಗಿಗೆ ಕಟ್ಟುವ ಸಣ್ಣ ಗೆಜ್ಜೆ ಸಾಲದು, ಅದರ ಸದ್ದು ದೂರ ಹೋಗುವುದಿಲ್ಲ. ಮೊದಲ ಅರ್ಧ ಗಂಟೆ ನಮಗೆ ನಾಚಿಕೆ, ಸುಮ್ನೆ ಚಪ್ಪಾಳೆ ತಟ್ಟುತ್ತಿದ್ದೆವು. ಆಮೇಲೆ ಹಾಡು ಶುರುವಾಯಿತು. ಹಾಡು ಖಾಲಿಯಾದ ಮೇಲೆ ಹಳೇ ಸಾಲದ ಲೆಕ್ಕಕ್ಕೆ ಇಬ್ಬರು ಜಗಳ ಆಡಿದರು, ಅದೂ ಒಳ್ಳೆಯದೇ ಆಯಿತು. ಕರಡಿಗೆ ಭಾಷೆ ಬೇಕಿಲ್ಲ, ಮನುಷ್ಯರ ದನಿ ಕೇಳಿದರೆ ಸಾಕು. ಮೂರು ಅಥವಾ ಜಾಸ್ತಿ ಜನ ಒಟ್ಟಿಗೆ ಹೋಗಿ ಅಂತ ಉದ್ಯಾನದವರೇ ಹೇಳುತ್ತಾರೆ. ಒಟ್ಟಿಗೆ ಅಂದರೆ ನಿಜವಾಗಿಯೂ ಒಟ್ಟಿಗೆ, ಒಬ್ಬ ಅರ್ಧ ಕಿಲೋಮೀಟರ್ ಮುಂದೆ ಹೋಗಿ ಫೋಟೋ ತೆಗೆಯುವುದಲ್ಲ.

ಅಕಸ್ಮಾತ್ ಮೈಮೇಲೆ ಬಿದ್ದರೆ? ಬೆಚ್ಚಿಬಿದ್ದ ಗ್ರಿಜ್ಲಿ ಮುಟ್ಟಿಯೇ ಬಿಟ್ಟರೆ ಬೋರಲು ಮಲಗಿ, ಕತ್ತಿನ ಹಿಂದೆ ಕೈ ಕಟ್ಟಿಕೊಂಡು, ಬ್ಯಾಗ್ ಬೆನ್ನಮೇಲೇ ಬಿಟ್ಟು, ಸತ್ತಂತೆ ಇರಬೇಕು. ಕಪ್ಪು ಕರಡಿ ಆದರೆ ಉಲ್ಟಾ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ಎದುರಿಸಬೇಕು. ಟೆಂಟಿನೊಳಗೆ ನುಗ್ಗಿದ ಕರಡಿ ಯಾವುದೇ ಆಗಲಿ, ಎದುರಿಸಲೇಬೇಕು. ಬಣ್ಣ ನಂಬಬೇಡಿ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತದೆ. ಹೆಗಲ ಗುಡ್ಡೆ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. 1872ರಲ್ಲಿ ಉದ್ಯಾನ ಶುರುವಾದಾಗಿನಿಂದ ಇಲ್ಲಿ ಕರಡಿಯಿಂದ ಸತ್ತವರನ್ನು ಬೆರಳಲ್ಲಿ ಎಣಿಸಬಹುದು. ನೀರಲ್ಲಿ ಮುಳುಗಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ಬಿಸಿನೀರಿನ ಬುಗ್ಗೆಗೆ ಬಿದ್ದು ಬೆಂದು ಸತ್ತವರೇ 20ಕ್ಕೂ ಜಾಸ್ತಿ. ಮೈಗೆ ಪೆಟ್ಟು ಮಾಡಿರುವ ಪ್ರಾಣಿಗಳಲ್ಲಿ ಮೊದಲ ಸ್ಥಾನ ಬೈಸನ್ ಅನ್ನುವ ಕಾಡುಕೋಣದಂಥ ಪ್ರಾಣಿಗೆ, ಕರಡಿಗಲ್ಲ. ನಾವು ಮಾತ್ರ ಹೊರಡುವ ಒಂದು ತಿಂಗಳ ಮುಂಚಿನಿಂದ ಬರೀ ಕರಡಿ ಕರಡಿ ಅಂತಲೇ ಇದ್ದೆವು.

ಬೈಸನ್ ಕಂಡದ್ದು ನಡಿಗೆಗೆ ಹಿಂದಿನ ದಿನ, ಉದ್ಯಾನದೊಳಗಿನ ಹೇಡನ್ ಕಣಿವೆಯಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅವುಗಳ ಬೆದೆಯ ಕಾಲ, ಗಂಡುಗಳ ತಲೆ ಸರಿ ಇರುವುದಿಲ್ಲ. ಒಂಬೈನೂರು ಕಿಲೋ ತೂಗಬಲ್ಲ ಪ್ರಾಣಿ, ನಿಂತಲ್ಲೇ ಹಸುವಿನ ಥರ ಮೇಯುತ್ತಿರುತ್ತದೆ, ನೋಡಿದರೆ ಪಾಪ ಅನ್ನಿಸುತ್ತದೆ. ಆದರೆ ಮನುಷ್ಯನ ಮೂರರಷ್ಟು ವೇಗದಲ್ಲಿ ಓಡುತ್ತದೆ. ಬಾಲ ಮೇಲೆತ್ತಿತು ಅಂದರೆ ನೀವು ಆಗಲೇ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಬೈಸನ್, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಇಂಥವಕ್ಕೆ 23 ಮೀಟರ್, ಕರಡಿ ಮತ್ತು ತೋಳಕ್ಕೆ 91 ಮೀಟರ್ ದೂರ ಇರಬೇಕು ಅಂತ ನಿಯಮ. ದಾರಿಯಲ್ಲೇ ನಿಂತಿದ್ದರೆ ಸುತ್ತಿ ಹೋಗಿ, ಇಲ್ಲಾಂದ್ರೆ ಕಾಯಿರಿ. ಹಾರನ್ ಹೊಡೆಯಬೇಡಿ.

ಇನ್ನು ನಡಿಗೆ. ಮೊದಲ ಏಳೆಂಟು ಕಿಲೋಮೀಟರ್ ಪೈನ್ ಮರಗಳ ಕಾಡು. 1988ರ ದೊಡ್ಡ ಬೆಂಕಿಯಲ್ಲಿ ಸುಟ್ಟ ಪ್ರದೇಶ ಇದು. ಅಲ್ಲಲ್ಲಿ ಸತ್ತ ಮರಗಳು ಇನ್ನೂ ನಿಂತಿವೆ. ಗಾಳಿ ಎದ್ದಾಗ ಅವುಗಳ ಕೆಳಗೆ ಕೂರಬೇಡಿ, ಟೆಂಟ್ ಹಾಕುವಾಗಲೂ ತಲೆ ಎತ್ತಿ ನೋಡಿ. ಕುಡಿಯುವಂಥ ನೀರು ನಮಗೆ ದಾರಿಯಲ್ಲಿ ಸಿಗಲಿಲ್ಲ. ಇಳಿಯುವಾಗ ಪಕ್ಕದಲ್ಲೇ ವಿಚ್ ಕ್ರೀಕ್ ಹರಿಯುತ್ತದೆ, ಆದರೆ ಅದಕ್ಕೆ ಬಿಸಿ ಬುಗ್ಗೆಗಳ ನೀರು ಸೇರುತ್ತದೆ. ನಿಮ್ಮ ಫಿಲ್ಟರ್ ಕ್ರಿಮಿ ತೆಗೆಯುತ್ತದೆ, ಅದರಲ್ಲಿ ಕರಗಿರುವ ಆರ್ಸೆನಿಕ್‌ನಂಥದ್ದನ್ನು ತೆಗೆಯುವುದಿಲ್ಲ. ಹಾಗಾಗಿ ಮೂರು ಲೀಟರ್ ಹೊತ್ತುಕೊಂಡೇ ಹೊರಡಿ. ಸರೋವರದ ನೀರನ್ನು ಫಿಲ್ಟರ್ ಮಾಡಿ ಅಥವಾ ಕುದಿಸಿ. ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದ್ದೀರಿ, ಕುದಿ ಬಂದ ಮೇಲೆ ಮೂರು ನಿಮಿಷ ಬಿಡಬೇಕು. ಬುಗ್ಗೆಗಳ ಹತ್ತಿರ ಇಲ್ಲಿ ಹಲಗೆ ದಾರಿ, ಬೇಲಿ ಏನೂ ಇಲ್ಲ. ಬಿಳಿ ನೆಲ ಗಟ್ಟಿ ಕಂಡರೂ ಹಪ್ಪಳದಷ್ಟು ತೆಳ್ಳಗಿರಬಹುದು. ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ.

ಸಂಜೆ ಕ್ಯಾಂಪ್ ತಲುಪಿದಾಗ ಎರಡನೇ ಎಡವಟ್ಟು. ಊಟದ ಚೀಲ ತೂಗುಹಾಕಲು ಎತ್ತರದಲ್ಲಿ ಒಂದು ಅಡ್ಡ ಮರ ಕಟ್ಟಿರುತ್ತಾರೆ. ಚೀಲ ನೆಲದಿಂದ 3 ಮೀಟರ್ ಮೇಲೆ, ಮರದ ಕಾಂಡದಿಂದ 1.2 ಮೀಟರ್ ಆಚೆ ಇರಬೇಕು. ಹಗ್ಗ ಮಾತ್ರ ನಿಮ್ಮದೇ. ಕನಿಷ್ಠ 10 ಮೀಟರ್ ಬೇಕು, ನಾವು ತಂದಿದ್ದು 6 ಮೀಟರ್. ಟೆಂಟಿನ ದಾರ, ಒಬ್ಬನ ಶೂ ಲೇಸು ಎಲ್ಲ ಸೇರಿಸಿ ಗಂಟು ಹಾಕಿದೆವು. ಕತ್ತಲಲ್ಲಿ ಕಲ್ಲು ಕಟ್ಟಿ ಎಸೆದು ಎಸೆದು ಕೈ ಸೋತಿತು. ಮೇಲಕ್ಕೆ ಹೋಗಬೇಕಾದ್ದು ಊಟ ಒಂದೇ ಅಲ್ಲ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್, ಕಸ, ಅಡುಗೆ ಮಾಡಿದ ಪಾತ್ರೆ, ವಾಸನೆ ಇರುವುದೆಲ್ಲ. ಅಡುಗೆ ಮಾಡುವ ಜಾಗದಿಂದ ಮಲಗುವ ಜಾಗ ನೂರು ಹೆಜ್ಜೆಯಷ್ಟು ದೂರ ಇರಲಿ. ಜೇಬಿನಲ್ಲಿ ಮರೆತ ಚಾಕೊಲೇಟ್ ಕವರ್ ಕೂಡ ಹುಡುಕಿ ತೆಗೆಯಿರಿ.

ನಿಜವಾದ ಕಷ್ಟ ಬಂದದ್ದು ಎರಡನೇ ದಿನ, ಮೌಂಟ್ ಶೆರಿಡನ್ ಮೇಲೆ. ಸರೋವರದ ಪಕ್ಕದಿಂದಲೇ ಏರು, 3,142 ಮೀಟರ್ ಎತ್ತರದ ತುದಿ. ಕರಡಿ ಕಂಡದ್ದೂ ಇದೇ ಇಳಿಜಾರಿನಲ್ಲಿ, ಬೆಳಿಗ್ಗೆ. ಅದು ದೂರ ಹೋಗಲಿ ಅಂತ ಕಾದು, ಚರ್ಚೆ ಮಾಡಿ, ಮತ್ತೆ ಹೊರಟಾಗ ಹನ್ನೊಂದು ಗಂಟೆ. ಅಲ್ಲೇ ವಾಪಸ್ ಹೋಗಬೇಕಿತ್ತು. ಈ ಬೆಟ್ಟಗಳಲ್ಲಿ ಬೇಸಿಗೆ ಮಧ್ಯಾಹ್ನ ಅಂದರೆ ಗುಡುಗು. ಎರಡು ಗಂಟೆಗೆ ನಾವು ಮರಗಳಿಲ್ಲದ ಏಣಿನ ಮೇಲೆ, ಮೇಲೆ ಕಪ್ಪು ಮೋಡ. ಹತ್ತು ನಿಮಿಷದಲ್ಲಿ ಆಲಿಕಲ್ಲು. ತುದಿ ಬಿಟ್ಟು ಇಳಿದೆವು, ಸಿಡಿಲಿನ ಭಯಕ್ಕೆ ಒಬ್ಬರಿಂದ ಒಬ್ಬರು ದೂರ ಬಿಟ್ಟುಕೊಂಡು.

ನಮ್ಮಲ್ಲಿ ಒಬ್ಬ ಹತ್ತಿ ಟೀ ಶರ್ಟು, ಜೀನ್ಸ್ ಹಾಕಿದ್ದ. "ಆಗಸ್ಟ್ ತಾನೇ, ರೇನ್‌ಕೋಟ್ ಯಾಕೆ" ಅಂತ ಕ್ಯಾಂಪಲ್ಲೇ ಬಿಟ್ಟು ಬಂದಿದ್ದ. ಅರ್ಧ ಗಂಟೆಯಲ್ಲಿ ಅವನು ಗಡಗಡ ನಡುಗುತ್ತಿದ್ದ, ಮಾತು ತೊದಲುತ್ತಿತ್ತು, ಸಮ ದಾರಿಯಲ್ಲೂ ಮುಗ್ಗರಿಸುತ್ತಿದ್ದ. ಜಾಕೆಟ್ ಕೊಟ್ಟರೆ ಅದರ ಜಿಪ್ ಹಾಕಲು ಬರಲಿಲ್ಲ. ಅಷ್ಟು ಕಂಡರೆ ಇನ್ನು ನಡೆಸಬೇಡಿ. ಮರಗಳ ನಡುವೆ ಗಾಳಿ ತಪ್ಪಿಸಿ ಕೂರಿಸಿ, ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ನಮ್ಮ ಒಣ ಉಣ್ಣೆ ಬಟ್ಟೆ ಹಾಕಿ, ಟೋಪಿ ಹಾಕಿ, ಸಿಹಿ ತಿನ್ನಿಸಿದೆವು. ಇಬ್ಬರು ಎರಡು ಕಡೆ ಒತ್ತಿಕೊಂಡು ಕೂತರು. ಎಚ್ಚರ ಇದ್ದ, ನುಂಗಲು ಬರುತ್ತಿತ್ತು, ಹಾಗಾಗಿ ತಿನ್ನಿಸಿದ್ದು. ನಡುಕ ನಿಂತು ಮಂಕು ಹಾಗೇ ಉಳಿದರೆ ಸುಧಾರಿಸಿತು ಅಂತ ತಿಳಿಯಬೇಡಿ, ಆಗಲೇ ಜಾಸ್ತಿ ಅಪಾಯ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ನಮ್ಮ ಹತ್ತಿರ ಉಪಗ್ರಹದ ಮೂಲಕ ಸಹಾಯ ಕೇಳುವ ಸ್ಯಾಟಲೈಟ್ ಮೆಸೆಂಜರ್ ಇತ್ತು, ಅದರ ಬಟನ್ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ಒಂದು ಗಂಟೆ ಕಳೆದ ಮೇಲೆ ಅವನು ನಮಗೇ ಬೈಯಲು ಶುರು ಮಾಡಿದ, ಆಗ ಜೀವ ಬಂತು.

ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ರೇನ್ ಜಾಕೆಟ್ ಮತ್ತು ಉಣ್ಣೆ ಅಥವಾ ಸಿಂಥೆಟಿಕ್ ಒಳಬಟ್ಟೆಗೆ ಮಾಡಿ. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೇ ಹೀರುತ್ತದೆ. ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಏನೇ ಆದರೂ ಅದನ್ನು ಹಗಲು ಹಾಕಬೇಡಿ. ಇಲ್ಲಿ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. ಹೊಸ ಶೂ ಹಾಕಿಕೊಂಡು ಹೋಗಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಕೇಳಿರಲಿಲ್ಲ, ಹಿಮ್ಮಡಿಯಲ್ಲಿ ಎರಡು ಬೊಬ್ಬೆ. ಶೆರಿಡನ್‌ಗೆ ಹೋಗುವುದಾದರೆ ಬೆಳಿಗ್ಗೆ ಆರಕ್ಕೆ ಹೊರಟು, ಮಧ್ಯಾಹ್ನದೊಳಗೆ ತುದಿಯಿಂದ ಇಳಿದಿರಬೇಕು. ಹಗುರವಾದ ಟೆಂಟಿಗೆ, ಮಡಚುವ ಕುರ್ಚಿಗೆ ನಾವು ಸುರಿದ ದುಡ್ಡು ನೆನೆದರೆ ನಗು ಬರುತ್ತದೆ.

ಮೂರನೇ ದಿನ ಏನೂ ಆಗಲಿಲ್ಲ, ಬಿಸಿಲು, ನಡಿಗೆ, ಕಾರು. ಹೊರಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳಲ್ಲಿ, ಕೂದಲಲ್ಲಿ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ.

ಸ್ಪ್ರೇ ಡಬ್ಬಗಳನ್ನು ವಿಮಾನಕ್ಕೆ ಒಯ್ಯುವಂತಿಲ್ಲವಲ್ಲ, ಬಳಸಿರಲೂ ಇಲ್ಲ. ಪಾರ್ಕಿಂಗ್‌ನಲ್ಲಿ ಒಳಗೆ ಹೊರಟಿದ್ದ ಇಬ್ಬರಿಗೆ ಕೊಟ್ಟೆವು. ತುಂಬ ಖುಷಿಯಾದರು. ಅವರಲ್ಲಿ ಒಬ್ಬ ಥ್ಯಾಂಕ್ಸ್ ಹೇಳುತ್ತಲೇ ಬ್ಯಾಗಿನ ಜಿಪ್ ತೆಗೆದು ಡಬ್ಬ ಒಳಗೆ ತುರುಕಲು ಹೋದ. ನನ್ನ ಗೆಳೆಯ ಓಡಿ ಹೋಗಿ ಅವನ ಕೈ ಹಿಡಿದ.