ಆ 5 ಎಲ್ಲಿಂದ ಬಂತು?

ಹನ್ನೆರಡು ವರ್ಷದಿಂದ ಡಿಗ್ರಿ ಮಕ್ಕಳಿಗೆ ಗಣಿತ ಪಾಠ ಮಾಡುತ್ತಿದ್ದೇನೆ. ಕ್ಲಾಸ್ ಮುಗಿದ ಮೇಲೆ ಯಾರಾದರೊಬ್ಬರು ಬಂದು "ಏನೂ ಅರ್ಥ ಆಗ್ಲಿಲ್ಲ ಸರ್" ಅನ್ನುವುದು ಮಾಮೂಲಿ. ಮೊದಮೊದಲು ಇಡೀ ಪಾಠವನ್ನೇ ಇನ್ನೊಂದು ಸಲ, ಸ್ವಲ್ಪ ನಿಧಾನಕ್ಕೆ ಹೇಳುತ್ತಿದ್ದೆ. ಅವರು ತಲೆ ಆಡಿಸಿ ಹೋಗುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಮಾತು.

ಒಂದು ದಿನ ಸುಸ್ತಾಗಿದ್ದೆ, ಮತ್ತೆ ಹೇಳುವ ತಾಳ್ಮೆ ಇರಲಿಲ್ಲ. "ನೋಟ್ಸ್ ತೆಗಿಯಮ್ಮಾ, ಎಲ್ಲಿ ತನಕ ಅರ್ಥ ಆಯ್ತೋ ಅಲ್ಲಿಗೆ ಬೆರಳಿಡು" ಅಂದೆ. ಅವತ್ತಿನ ಪಾಠ ಎಪ್ಸಿಲಾನ್-ಡೆಲ್ಟಾ, ಅಂದರೆ ಉತ್ತರ ಎಪ್ಸಿಲಾನ್‌ನಷ್ಟು ಹತ್ತಿರ ಬರಬೇಕಾದರೆ ಎಕ್ಸ್ ಎಷ್ಟು ಹತ್ತಿರ (ಅದೇ ಡೆಲ್ಟಾ) ಇದ್ದರೆ ಸಾಕು ಅಂತ ತೋರಿಸುವ ವಿಧಾನ. ಎಕ್ಸ್ 2ರ ಹತ್ತಿರ ಹೋದರೆ ಎಕ್ಸ್ ವರ್ಗ 4ರ ಹತ್ತಿರ ಹೋಗುತ್ತದೆ ಅಂತ ಸಾಧಿಸುವುದು. ಹುಡುಗಿ ಬೆರಳು ಇಳಿಸುತ್ತಾ ಹೋದಳು. ಡೆಫಿನಿಷನ್ ಗೊತ್ತು, ವರ್ಗದಿಂದ 4 ಕಳೆದು ಅಪವರ್ತನ ಮಾಡಿದ್ದೂ ಗೊತ್ತು, ಆಮೇಲೆ ಡೆಲ್ಟಾ "ಎಪ್ಸಿಲಾನ್ ಬೈ 5" ಅಂತ ಇದ್ದ ಕಡೆ ಬೆರಳು ನಿಂತಿತು.

"ಈ 5 ಎಲ್ಲಿಂದ ಬಂತು ಸರ್?"

ಅಷ್ಟೇ! "ಏನೂ ಅರ್ಥ ಆಗ್ಲಿಲ್ಲ" ಅಂದಿದ್ದು ಒಂದು 5ರ ವಿಷಯ. ಎಕ್ಸ್ 2ರಿಂದ 1ಕ್ಕಿಂತ ಜಾಸ್ತಿ ದೂರ ಹೋಗಬಾರದು ಅಂತ ನಾವೇ ಒಂದು ಬೇಲಿ ಹಾಕಿಕೊಂಡರೆ ಅದು 1 ಮತ್ತು 3ರ ನಡುವೆ ಇರುತ್ತದೆ, ಆಗ ಅಪವರ್ತನದಲ್ಲಿ ಬಂದ ಎಕ್ಸ್ ಪ್ಲಸ್ 2 ಅನ್ನುವುದು 5 ದಾಟುವುದಿಲ್ಲ. ಬಂದಿದ್ದು ಅಲ್ಲಿಂದ. ಬೋರ್ಡಿನ ಮೇಲೆ ನಾನು ಅದನ್ನು ಒಂದೇ ಉಸಿರಿಗೆ ಬರೆದು ಮುಂದೆ ಹೋಗಿದ್ದೆ, ಅವಳು ಮಾತ್ರ ಅಲ್ಲೇ ನಿಂತಿದ್ದಳು, ಉಳಿದ ಇಪ್ಪತ್ತು ನಿಮಿಷ ಕಿವಿಗೆ ಬಿದ್ದಿದ್ದೆಲ್ಲ ಸುಮ್ನೆ ಸದ್ದು. ಎಪ್ಸಿಲಾನ್ 0.1 ಇಟ್ಟುಕೋ, ಡೆಲ್ಟಾ 0.02, ಈಗ 2.02ರ ವರ್ಗ ಮಾಡು ಅಂದೆ. 4.0804 ಬಂತು. 4ರಿಂದ 0.1ರೊಳಗೇ ಇದೆ. "ಇಷ್ಟೇನಾ ಸರ್" ಅಂದಳು. ಸ್ವಲ್ಪ ಕೋಪವೂ ಇತ್ತು ಅನ್ನಿಸುತ್ತೆ, ಇರಬೇಕಾದ್ದೇ.

ಆಮೇಲಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಕ್ಲಾಸಿನಲ್ಲಿ ಸಿಕ್ಕಿಹಾಕಿಕೊಂಡ ಸಾಲಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅದು ನಿಜ ಅಂತ ಸದ್ಯಕ್ಕೆ ಒಪ್ಪಿಕೊಂಡು ಮುಂದಕ್ಕೆ ಬನ್ನಿ. ಅಲ್ಲೇ ಜಗಳಕ್ಕೆ ನಿಂತರೆ ಮುಂದಿನದೂ ಹೋಯಿತು. ಸಂಜೆ ನೋಟ್ಸ್ ಮುಚ್ಚಿಟ್ಟು ಖಾಲಿ ಹಾಳೆ ಮೇಲೆ ಪಾಠ ಬರೆಯಿರಿ. ಇದು ಯಾರಿಗೂ ಇಷ್ಟವಿಲ್ಲ, ಯಾಕಂದ್ರೆ ಮೂರನೇ ಸಾಲಿಗೇ ಪೆನ್ನು ನಿಲ್ಲುತ್ತೆ. ರೆಕಾರ್ಡಿಂಗ್ ಇನ್ನೊಂದು ಸಲ ನೋಡುವುದು ಹಾಯಾಗಿರುತ್ತೆ, ಅರ್ಥ ಆಯ್ತು ಅಂತಲೂ ಅನ್ನಿಸುತ್ತೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಓದಿದ್ದನ್ನೇ ಮತ್ತೆ ಓದಿದವರು 5 ನಿಮಿಷದ ನಂತರ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಂದಿದ್ದವರು, ಹಾಳೆ ನೋಡದೆ ನೆನಪು ಮಾಡಿಕೊಂಡು ಬರೆದವರು. ನಮ್ಮ ಪರೀಕ್ಷೆ ಅಂತೂ 5 ನಿಮಿಷಕ್ಕೆ ಬರಲ್ಲ ಅಲ್ವಾ.

ನಾನೂ ಒಂದು ಬದಲಾವಣೆ ಮಾಡಿಕೊಂಡೆ. ಕೊನೆಯ ಐದು ನಿಮಿಷ ಬಾಯಿ ಮುಚ್ಚಿಕೊಂಡು, ಎಲ್ಲಿ ನಿಂತಿರಿ ಅಂತ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ ಅನ್ನುತ್ತೇನೆ. ಕಳೆದ ವಾರ ಅರ್ಧಕ್ಕಿಂತ ಜಾಸ್ತಿ ಚೀಟಿಯಲ್ಲಿ ಒಂದೇ ಸಾಲು ಇತ್ತು. "ಇದು ನಿಮಗೆ ಗೊತ್ತೇ ಇದೆ" ಅಂತ ನಾನು ದಾಟಿಸಿದ್ದ ಸಾಲು.