ಕೊನ್ಯಾ: ರೂಮಿಯ ಊರು, ಪಕ್ಕದಲ್ಲೇ ಬೀದಿಯಿಲ್ಲದ ಊರು

ಟರ್ಕಿಯ ರಾಜಧಾನಿ ಅಂಕಾರಾದಿಂದ ಕೊನ್ಯಾಗೆ ಹೈಸ್ಪೀಡ್ ರೈಲಿನಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ಕಿಟಕಿಯಾಚೆ ಮರಗಳೇ ಅಪರೂಪವಾದ ಬಟ್ಟಬಯಲು, ಗೋಧಿ ಹೊಲ. ಇಸ್ತಾಂಬುಲ್ ನೋಡಿ ಬಂದವರಿಗೆ ಇದೂ ಅದೇ ದೇಶವೇ ಅನ್ನಿಸಬೇಕು.

ಎಲ್ಲರಂತೆ ನಾವೂ ಮೊದಲು ಹೋದದ್ದು ಹಸಿರು ಗುಮ್ಮಟದ ಕೆಳಗಿನ, ಸೂಫಿ ಕವಿ ರೂಮಿಯ ಸಮಾಧಿಗೆ. 1925ರಲ್ಲಿ ಟರ್ಕಿ ಸರ್ಕಾರ ದರ್ವೇಶಿಗಳ (ಸೂಫಿ ಸಾಧಕರ) ಮಠಗಳನ್ನೆಲ್ಲ ಮುಚ್ಚಿಸಿದ ಮೇಲೆ ಇದು ಮ್ಯೂಸಿಯಂ ಆಯಿತು. ಆದರೆ ಒಳಗೆ ಅಂಗೈ ಮೇಲೆತ್ತಿ ನಿಂತ ಅಜ್ಜಿಯರು ಮ್ಯೂಸಿಯಂ ನೋಡಲು ಬಂದವರಂತೆ ಕಾಣಲಿಲ್ಲ. 1273ರಲ್ಲಿ ರೂಮಿಯನ್ನು ಇಲ್ಲಿಗೆ ತಂದಾಗ ತಂದೆಯ ಸಮಾಧಿ ಗೌರವದಿಂದ ಎದ್ದು ನಿಂತಿತಂತೆ. ನೆಟ್ಟಗೆ ನಿಲ್ಲಿಸಿದ ಮರದ ಪೆಟ್ಟಿಗೆ ಈಗಲೂ ಅಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಹಳೆಯ ಮಠದ ಅಡುಗೆಮನೆ. ಮಠ ಸೇರಲು ಬಂದವನು ಇಲ್ಲಿ 1001 ದಿನ ಚಾಕರಿ ಮಾಡಬೇಕಿತ್ತು. ದರ್ವೇಶಿಗಳು ಧ್ಯಾನದಂತೆ ಗಿರಗಿರನೆ ತಿರುಗುತ್ತಾರಲ್ಲ, ಅದನ್ನು ಕಲಿಯಲು ಒಂದು ಹಲಗೆ, ನಡುವೆ ಒಂದು ಮೊಳೆ. ಆ ಮೊಳೆಯನ್ನು ಎಡಗಾಲಿನ ಬೆರಳ ಸಂದಿಯಲ್ಲಿ ಹಿಡಿದು, ಪಾದ ಸವೆಯದಂತೆ ಉಪ್ಪು ಹರಡಿಕೊಂಡು ಸುತ್ತುತ್ತಿದ್ದರು. ವೇದಿಕೆಯ ಮೇಲಿನ ಬಿಳಿ ನಿಲುವಂಗಿಯ ಸೊಬಗು ಎಷ್ಟು ಪಾತ್ರೆ ತೊಳೆದ ಮೇಲೆ ಬರುತ್ತಿತ್ತು ನೋಡಿ!

1251ರ ಕರಾತಾಯ್ ಮದರಸಾದಲ್ಲಿ ತಲೆಯೆತ್ತಿದರೆ ಗುಮ್ಮಟದ ತುಂಬ ಕಡುನೀಲಿ, ಕಪ್ಪು ಹೆಂಚುಗಳ ನಕ್ಷತ್ರಜಾಲ. ಕತ್ತು ನೋಯುವವರೆಗೆ ನೋಡಿದೆವು. ಮಧ್ಯಾಹ್ನ ಎತ್ಲಿ ಎಕ್ಮೆಕ್: ಮೊಳಕ್ಕಿಂತ ಉದ್ದದ ತೆಳು ರೊಟ್ಟಿ, ಮೇಲೆ ಕೊಚ್ಚಿದ ಮಾಂಸ, ಜೊತೆಗೆ ಮಜ್ಜಿಗೆಯಂಥ ಐರಾನ್. ಮಾಂಸ ತಿನ್ನದವರಿಗೆ ಚೀಸ್ ಹಾಕಿದ್ದೂ ಸಿಗುತ್ತದೆ.

ಮರುದಿನ ಟ್ಯಾಕ್ಸಿ ಮಾಡಿಕೊಂಡು ಚತಾಲ್‌ಹ್ಯೂಯುಕ್‌ಗೆ ಹೊರಟೆವು. ಸುಮಾರು 50 ಕಿ.ಮೀ. ದೂರದಿಂದ ಬರೀ ಮಣ್ಣಿನ ದಿಬ್ಬ. ಒಳಗಿರುವುದು ಒಂಬತ್ತು ಸಾವಿರ ವರ್ಷ ಹಳೆಯ ಊರು. ಬೀದಿಗಳೇ ಇಲ್ಲ, ಗೋಡೆಗೆ ಗೋಡೆ ತಾಗಿದ ಮನೆಗಳು. ಓಡಾಟವೆಲ್ಲ ಮಾಳಿಗೆಯ ಮೇಲೆ. ಒಲೆಯ ಹೊಗೆ ಹೋಗುವ ಕಿಂಡಿಯಲ್ಲೇ ಏಣಿ ಇಟ್ಟು ಜನ ಇಳಿಯುತ್ತಿದ್ದರು. ಸತ್ತವರನ್ನು ಮನೆಯೊಳಗೆ, ಮಲಗುವ ಜಗಲಿಯ ಕೆಳಗೇ ಹೂಳುತ್ತಿದ್ದರು. ಗೋಡೆಯ ಕತ್ತರಿಸಿದ ಅಂಚಿನಲ್ಲಿ ಸುಣ್ಣಬಣ್ಣದ ತೆಳು ಪದರಗಳು ಎಣಿಕೆಗೆ ಸಿಗದಷ್ಟು. ಮತ್ತೆ ಮತ್ತೆ ಸಾರಿಸುತ್ತಲೇ ಇದ್ದ ಮನೆಗಳವು.

ಕೊನ್ಯಾದಲ್ಲಿ ಸಮಯ ಕಡಿಮೆ ಇದ್ದರೆ ಬಜಾರು ಬಿಡಿ, ಇದನ್ನು ಬಿಡಬೇಡಿ. ಟ್ಯಾಕ್ಸಿಯವರಿಗೆ ಕಾಯಲು ಮೊದಲೇ ಹೇಳಿಡಿ, ವಾಪಸ್ ಬರಲು ಅಲ್ಲಿ ಬೇರೆ ಗಾಡಿ ಸಿಗುವುದು ಕಷ್ಟ.