ಗಲ್ಲದ ಹುಣ್ಣು, ಕುತ್ತಿಗೆಯ ಗಂಟು

"ಗಲ್ಲದೊಳಗ ಹುಣ್ಣಾದ್ರ ಗಂಟ್ಯಾಕ ಕುತ್ತಿಗ್ಯಾಗ ಎದ್ದೈತ್ರಿ?" ರಿಪೋರ್ಟ್ ಒಯ್ಯಲು ಬರುವವರು ಆಗಾಗ ಇದನ್ನು ಕೇಳುತ್ತಾರೆ. ರೋಣ, ಶಿಗ್ಗಾಂವಿ, ನವಲಗುಂದ ಕಡೆಯ ಜನ. ನಾನು ಧಾರವಾಡದಲ್ಲಿ ಬಾಯಿ ಕ್ಯಾನ್ಸರ್‌ನ ಸ್ಲೈಡ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸದಲ್ಲಿದ್ದೇನೆ. "ಹರಡಿದೆ" ಅಂತ ಸುಮ್ನೆ ಹೇಳಿ ಕಳಿಸಬಹುದು. ಆದರೆ ಅದು ಉತ್ತರವಲ್ಲ. ಕ್ಯಾನ್ಸರ್ ಕೋಶ ತಾನೇ ತೆವಳಿಕೊಂಡು ಹೋಗುತ್ತದೆ. ದುಗ್ಧನಾಳ, ಅಂದರೆ ಅಂಗಾಂಶದ ತಿಳಿ ದ್ರವ ಹರಿಯುವ ಸಣ್ಣ ನಾಳ, ಸಿಕ್ಕರೆ ಅದರೊಳಗೆ ನುಗ್ಗಿ ಕುತ್ತಿಗೆಯ ಗ್ರಂಥಿ ಸೇರುತ್ತದೆ. ಆ ಗ್ರಂಥಿ ದಪ್ಪಗಾದದ್ದೇ ಕೈಗೆ ಸಿಗುವ ಗಂಟು.

ಗಡ್ಡೆಯ ಅಂಚಿನಲ್ಲಿ ಇದರ ಗುರುತು ಕಾಣುತ್ತದೆ. ನಡುವೆ ಕೋಶಗಳು ಒತ್ತಾಗಿ ಕೂತಿರುತ್ತವೆ. ಅಂಚಿಗೆ ಬಂದರೆ ಒಂದೋ, ಎರಡೋ, ನಾಲ್ಕೋ ಕೋಶಗಳು ಗುಂಪು ಬಿಟ್ಟು ಮುಂದೆ ಹೋಗಿರುತ್ತವೆ. ಇಂಥವು ಜಾಸ್ತಿ ಕಂಡರೆ ಕುತ್ತಿಗೆಗೆ ಹೋಗಿರುವ ಸಂಭವವೂ ಜಾಸ್ತಿ. ಅಂಥ ಸ್ಲೈಡ್ ಬಂದ ದಿನ ನನಗೆ ಊಟ ರುಚಿಸುವುದಿಲ್ಲ.

ಹೀಗೆ ಗುಂಪು ಬಿಟ್ಟ ಕೋಶಗಳು ಸಾಗುವುದು ಆಕ್ಟಿನ್ ಎಂಬ ಪ್ರೊಟೀನ್ ಬಲದಿಂದ. ಸ್ನಾಯುವಿನಲ್ಲಿ ಇರುವುದೂ ಇದೇ. 1942ರಲ್ಲಿ ಹಂಗೇರಿಯ ವಿಜ್ಞಾನಿ ಸ್ಟ್ರೌಬ್ ಇದನ್ನು ವರದಿ ಮಾಡಿದರು. ಆಕ್ಟಿನ್ ಕಣಗಳು ಸೇರಿ 7 ನ್ಯಾನೋಮೀಟರ್ ದಪ್ಪದ ಎಳೆಯಾಗುತ್ತವೆ. ಎಳೆ ಮುಂದಿನ ತುದಿಯಲ್ಲಿ ಬೆಳೆಯುತ್ತಾ ಕೋಶದ ಪೊರೆಯನ್ನು ದೂಡುತ್ತದೆ, ಹಿಂದಿನ ತುದಿಯಲ್ಲಿ ಕಳಚುತ್ತದೆ.

ಆದರೆ ಎಲ್ಲಿ ಬೆಳೆಯಬೇಕು, ಯಾವಾಗ ನಿಲ್ಲಬೇಕು ಅನ್ನುವುದು ಎಳೆಯ ಕೈಯಲ್ಲಿಲ್ಲ. ಅದಕ್ಕೆ ಅಂಟಿಕೊಳ್ಳುವ ಬೇರೆ ಪ್ರೊಟೀನ್‌ಗಳಿವೆ. ಆರ್ಪ್ 2/3 ಎಂಬುದು ಹಳೆ ಎಳೆಯ ಮೇಲೆ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಒಡೆಸುತ್ತದೆ. ಹಾಗೆ ಕೋಶದ ಮುಂಭಾಗ ಅಗಲವಾಗಿ ಚಾಚುತ್ತದೆ. ಕೋಫಿಲಿನ್ ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದರೆ ಓಟ ನಿಲ್ಲಬೇಕು ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಕತ್ತರಿಸಿದಲ್ಲೆಲ್ಲ ಹೊಸ ತುದಿ ಸಿಗುತ್ತದೆ, ಕಳಚಿದ ಕಣಗಳು ಮತ್ತೆ ಮುಂದಿನ ಕೆಲಸಕ್ಕೆ ಬರುತ್ತವೆ.

ಫ್ಯಾಸಿನ್ ಎಳೆಗಳನ್ನು ಒತ್ತೊತ್ತಾಗಿ ಕಟ್ಟುತ್ತದೆ. ಜೋಳದ ದಂಟು ಒಂದೇ ಇದ್ದರೆ ಬಾಗುತ್ತದೆ, ಸಿವುಡು ಕಟ್ಟಿದರೆ ಬಾಗದು. ಹೀಗೆ ಗಟ್ಟಿಯಾದ ಎಳೆಗಳಿಂದ ಕೋಶ ಬೆರಳಿನಂಥ ಚಾಚು ಹೊರಡಿಸುತ್ತದೆ. ಇನ್ನು ಕೆಲವು ಚಾಚುಗಳು ಕೆಳಕ್ಕೆ ಇಳಿಯುತ್ತವೆ. ಅವುಗಳಲ್ಲಿ ಕಾರ್ಟಾಕ್ಟಿನ್ ಎಂಬ ಇನ್ನೊಂದು ಪ್ರೊಟೀನ್ ಸೇರಿರುತ್ತದೆ. ಅಲ್ಲಿಂದ ಹೊರಟ ಕಿಣ್ವಗಳು ಬಾಯಿಯ ಒಳಪದರದ ಕೆಳಗಿನ ತಡೆಯನ್ನೇ ಕರಗಿಸುತ್ತವೆ. ಗುಟ್ಕಾ ಇಟ್ಟುಕೊಂಡು ಕೆಟ್ಟ ಗಲ್ಲದ ಒಳಗೆ ನಡೆಯುವುದು ಇದೇ.

ಹಾಗಾದರೆ ಆಕ್ಟಿನ್ ಅನ್ನೇ ನಿಲ್ಲಿಸಿದರೆ? ಶಿಲೀಂಧ್ರದಿಂದ ಸಿಗುವ ಸೈಟೋಕಲಾಸಿನ್ ಗಾಜಿನ ತಟ್ಟೆಯಲ್ಲಿ ಕೋಶಗಳ ಓಟ ನಿಲ್ಲಿಸುತ್ತದೆ. ಮನುಷ್ಯನಿಗೆ ಕೊಡುವಂತಿಲ್ಲ. ಹೃದಯ ಬಡಿಯಲು, ಬಿಳಿ ರಕ್ತಕಣ ಸೋಂಕಿನತ್ತ ಹೋಗಲು, ಗಾಯ ಮಾಯಲು ಆಕ್ಟಿನ್ ಬೇಕೇ ಬೇಕು. ಅದಕ್ಕೇ ನನಗೆ ಫ್ಯಾಸಿನ್ ಮೇಲೆ ಹೆಚ್ಚು ಆಸೆ. ಆರೋಗ್ಯವಂತ ಬಾಯಿಯ ಪದರದಲ್ಲಿ ಅದು ಕಡಿಮೆ, ಬಾಯಿ ಕ್ಯಾನ್ಸರ್ ಸೇರಿ ಹಲವು ಕ್ಯಾನ್ಸರ್‌ಗಳಲ್ಲಿ ಹೆಚ್ಚು. ಅದನ್ನು ತಡೆಯುವ ಔಷಧವೊಂದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೂ ಬಂದಿದೆ.

ಆದರೆ ಅದಕ್ಕಾಗಿ ಯಾರೂ ಕಾಯುತ್ತಾ ಕೂರಬೇಡಿ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತೋರಿಸಿ. ಗಲ್ಲದ ಜೊತೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕು ಎಂದು ಸರ್ಜನ್ ಹೇಳಿದರೆ, ಗಂಟು ಕಾಣುತ್ತಿಲ್ಲವಲ್ಲ ಅಂತ ಬೇಡ ಅನ್ನಬೇಡಿ. ಕೈಗೆ ಸಿಗುವಷ್ಟು ಗಂಟು ಬೆಳೆಯುವ ಮೊದಲೇ ಕೋಶಗಳು ಅಲ್ಲಿ ಸೇರಿರಬಹುದು.